ಪರದೇಶ ವ್ಯಾಸಂಗ: ಕಳುಹಿಸುವವರ ಹೊಣೆ

ವಿದ್ಯೆಯನ್ನು ಅರಸಿ ಊರು ಬಿಟ್ಟು ಹೋಗುವುದು ನಮ್ಮ ಜನಕ್ಕೆ ಹೊಸ ಸಂಗತಿಯಲ್ಲ. ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಎಳೆಯ ವಯಸ್ಸಿನಲ್ಲಿ ತಂದೆತಾಯಿಗಳನ್ನು ಅಗಲಿ, ಒಂದು ಟ್ರಂಕನ್ನೂ ಒಂದು ಹಾಸಿಗೆಯ ಸುರುಳಿಯನ್ನೂ ಹೊತ್ತು ಪ್ರಸಾದನಿಲಯದ ಬಾಗಿಲಿಗೆ ಬಂದು ನಿಂತವರೇ ಆಗಿದ್ದಾರೆ. ಅಂದು ಹಳ್ಳಿಯಿಂದ ಪಟ್ಟಣಕ್ಕೆ ಬರುವುದೇ ಪರದೇಶಕ್ಕೆ ಹೋದಂತೆ ತೋರುತ್ತಿತ್ತು. ಇಂದು ಅವರ ಮಕ್ಕಳು, ಮೊಮ್ಮಕ್ಕಳು ಕಾಲೇಜು ವ್ಯಾಸಂಗಕ್ಕಾಗಿ ಕಡಲನ್ನೇ ದಾಟುತ್ತಿದ್ದಾರೆ. ಹೊಲವನ್ನು ಅಡವಿಟ್ಟೋ ಬ್ಯಾಂಕಿನಿಂದ ಸಾಲ ಪಡೆದೋ ಮಗನನ್ನು, ಮಗಳನ್ನು ಹೊರನಾಡಿಗೆ ಕಳುಹಿಸುವ ಮನೆಗಳು ನಮ್ಮ ಸಣ್ಣ ಊರುಗಳಲ್ಲಿಯೂ ಉಂಟು. ಹಾಗೆ ಕಳುಹಿಸುವಾಗ ಹಿರಿಯರ ಮನಸ್ಸಿನಲ್ಲಿ ಎರಡು ಮಾತುಗಳು ಒಂದರೊಡನೊಂದು ಸೆಣಸುತ್ತವೆ. ‘ಹೋಗಿ ಕಲಿತು ಬಂದರೆ ಮನೆಗೂ ನಾಡಿಗೂ ಬೆಳಕು’ ಎಂಬುದು ಒಂದು. ‘ಹೋದವರು ನಮ್ಮವರಾಗಿಯೇ ಉಳಿಯುವರೇ?’ ಎಂಬುದು ಇನ್ನೊಂದು.

ಈ ಎರಡು ಮಾತುಗಳ ನಡುವೆ ಒಂದು ಮನೆಯಲ್ಲ, ಒಂದು ಸಾಮ್ರಾಜ್ಯವೇ ತೂಗಾಡಿದ ಪ್ರಸಂಗ ಇತಿಹಾಸದಲ್ಲಿದೆ. ಚೀನ ದೇಶವು 1872ರಿಂದ 1875ರವರೆಗೆ 120 ಮಂದಿ ಬಾಲಕರನ್ನು ಆರಿಸಿ ಅಮೆರಿಕೆಗೆ ಓದಲು ಕಳುಹಿಸಿತು. 1881ರಲ್ಲಿ, ಅವರ ವ್ಯಾಸಂಗ ಮುಗಿಯುವುದಕ್ಕೆ ಮೊದಲೇ, ಎಲ್ಲರನ್ನೂ ಹಿಂದಕ್ಕೆ ಕರೆಸಿಕೊಂಡಿತು. ಏಕೆ ಕಳುಹಿಸಿದರು, ಏಕೆ ಕರೆಸಿಕೊಂಡರು, ಆ ಬಾಲಕರು ಮುಂದೆ ಏನಾದರು ಎಂಬುದನ್ನು ತಿಳಿದರೆ, ಪರದೇಶ ವ್ಯಾಸಂಗದ ಲಾಭವೇನು, ಅದರಲ್ಲಿ ನಾವು ವಿಚಾರಿಸಬೇಕಾದುದೇನು ಎಂಬುದು ಬೇರೆ ಯಾವ ಉಪದೇಶಕ್ಕಿಂತಲೂ ಸ್ಪಷ್ಟವಾಗುತ್ತದೆ. ವಾಚಕರು ಸ್ವಲ್ಪ ಸಾವಧಾನದಿಂದ ಈ ಕಥನವನ್ನು ಅವಲೋಕಿಸಬೇಕೆಂದು ಬಿನ್ನಹ.

ಮೊದಲನೆಯ ಪದವೀಧರ

ಈ ಯೋಜನೆಯ ಮೂಲಪುರುಷನ ಹೆಸರು ಯುಂಗ್ ವಿಂಗ್. ದಕ್ಷಿಣ ಚೀನದಲ್ಲಿ, ಮಕಾವ್ ಬಂದರಿಗೆ ಸಮೀಪದ ಒಂದು ಹಳ್ಳಿಯಲ್ಲಿ 1828ರಲ್ಲಿ ಬಡ ಕುಟುಂಬವೊಂದರಲ್ಲಿ ಆತನ ಜನನವಾಯಿತು. ಮಿಷನರಿಗಳ ಶಾಲೆಯಲ್ಲಿ ಇಂಗ್ಲಿಷ್ ಕಲಿತ ಆತನನ್ನು ಅಧ್ಯಾಪಕರಾದ ಸ್ಯಾಮ್ಯುಯೆಲ್ ಬ್ರೌನ್ ಎಂಬುವರು 1847ರಲ್ಲಿ ಇನ್ನಿಬ್ಬರೊಡನೆ ಅಮೆರಿಕೆಗೆ ಕರೆದೊಯ್ದರು. ಅಲ್ಲಿ ಕಾಲೇಜು ಸೇರುವ ಸಮಯ ಬಂದಾಗ ಒಂದು ಪರೀಕ್ಷೆ ಎದುರಾಯಿತು. ಮಿಷನರಿಯಾಗುವುದಾಗಿ ಬರೆದುಕೊಟ್ಟರೆ ವ್ಯಾಸಂಗದ ವೆಚ್ಚವನ್ನು ಭರಿಸುತ್ತೇವೆಂದು ಶಾಲೆಯ ಧರ್ಮದರ್ಶಿಗಳು ಹೇಳಿದರು. ಕೈಯಲ್ಲಿ ಕಾಸಿಲ್ಲದಿದ್ದರೂ ಯುಂಗ್ ವಿಂಗ್ ಒಪ್ಪಲಿಲ್ಲ. ತನ್ನ ದೇಶಕ್ಕೆ ಯಾವ ರೀತಿಯ ಸೇವೆ ಬೇಕಾಗುವುದೋ ಅದಕ್ಕೆ ತಾನು ಮುಕ್ತನಾಗಿರಬೇಕು, ಮೊದಲೇ ಮಾತಿಗೆ ಕಟ್ಟುಬೀಳಲಾರೆ ಎಂಬುದು ಆತನ ಉತ್ತರವಾಗಿತ್ತು. ಬೇರೆ ಕಡೆಯಿಂದ ಅಷ್ಟಿಷ್ಟು ನೆರವು ದೊರೆಯಿತು. ಸಹಪಾಠಿಗಳ ಊಟದ ವ್ಯವಸ್ಥೆ ನೋಡಿಕೊಂಡು, ಪುಸ್ತಕಭಂಡಾರದಲ್ಲಿ ದುಡಿದು, ಯೇಲ್ ಕಾಲೇಜಿನಲ್ಲಿ ಓದಿ 1854ರಲ್ಲಿ ಆತ ಪದವಿ ಪಡೆದನು. ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಪದವಿ ಪಡೆದ ಮೊದಲನೆಯ ಚೀನೀಯನೆಂಬ ಕೀರ್ತಿ ಆತನದಾಯಿತು.

ಪದವಿಯೊಡನೆ ಆತ ಒಂದು ಸಂಕಲ್ಪವನ್ನೂ ಹೊತ್ತು ತಂದನು. ತನಗೆ ದೊರೆತ ವಿದ್ಯೆಯ ಅವಕಾಶ ತನ್ನ ದೇಶದ ಮುಂದಿನ ತಲೆಮಾರಿಗೂ ದೊರೆಯಬೇಕು ಎಂಬುದೇ ಆ ಸಂಕಲ್ಪ. ಆದರೆ ಅದರೊಡನೆ ಒಂದು ನಷ್ಟವನ್ನೂ ಆತ ಹೊತ್ತು ತಂದಿದ್ದನು. ಹಡಗು ಹಾಂಗ್‌ಕಾಂಗ್ ಸಮೀಪಿಸಿದಾಗ ದಾರಿ ತೋರಲು ಚೀನೀ ನಾವಿಕನೊಬ್ಬ ಹತ್ತಿದನು. ನೀರಿನಡಿಯಲ್ಲಿ ಬಂಡೆಗಳಿವೆಯೇ ಎಂದು ಅವನನ್ನು ಕೇಳುವಂತೆ ಕಪ್ತಾನನು ಯುಂಗ್ ವಿಂಗನಿಗೆ ಹೇಳಿದರೆ, ಆ ಮಾತಿಗೆ ತನ್ನ ಭಾಷೆಯ ಶಬ್ದವೇ ಆತನ ನಾಲಗೆಗೆ ಬರಲಿಲ್ಲ! ಎಂಟು ವರ್ಷಗಳಲ್ಲಿ ತಾಯ್ನುಡಿ ಅಷ್ಟು ಮರೆತುಹೋಗಿತ್ತು. ಈ ಪ್ರಸಂಗವನ್ನು ಆತನೇ ತನ್ನ ಆತ್ಮಚರಿತ್ರೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಊರು ಸೇರಿದ ಮೇಲೆ ಕುಳಿತು ಕಲಿತು, ಆ ಭಾಷೆಯನ್ನು ಮತ್ತೆ ಸಂಪಾದಿಸಬೇಕಾಯಿತು. ಪರದೇಶ ವ್ಯಾಸಂಗದ ಲಾಭ ಮತ್ತು ನಷ್ಟ ಎರಡೂ ಹೀಗೆ ಮೊದಲನೆಯ ಪದವೀಧರನಲ್ಲಿಯೇ ಕಾಣಿಸಿಕೊಂಡವು.

ನೂರಿಪ್ಪತ್ತು ಬಾಲಕರು

ಸಂಕಲ್ಪ ಕೈಗೂಡಲು ಹದಿನೇಳು ವರ್ಷಗಳು ಹಿಡಿದವು. ಆ ಅವಧಿಯಲ್ಲಿ ಚೀನವು ಯುರೋಪಿನ ಬಲಾಢ್ಯರ ಫಿರಂಗಿಗಳ ಮುಂದೆ ಮತ್ತೆ ಸೋತಿತು; ಒಳಗಿನ ದಂಗೆಗಳಿಂದ ಜರ್ಜರಿತವಾಯಿತು. ಯಂತ್ರವಿದ್ಯೆಯಿಲ್ಲದೆ ರಾಜ್ಯ ಉಳಿಯದೆಂದು ಕೆಲವು ಹಿರಿಯ ಅಧಿಕಾರಿಗಳಿಗೆ ಮನವರಿಕೆಯಾಯಿತು. ಅವರಲ್ಲಿ ಮುಖ್ಯರಾದ ಜೆಂಗ್ ಗುವೊಫಾನ್ ಮತ್ತು ಲಿ ಹಾಂಗ್‌ಜಾಂಗ್ ಇವರ ಬೆಂಬಲ ಯುಂಗ್ ವಿಂಗನಿಗೆ ದೊರೆಯಿತು. 1871ರಲ್ಲಿ ರಾಜಾಜ್ಞೆಯಾಯಿತು. ವರ್ಷಕ್ಕೆ 30ರಂತೆ ನಾಲ್ಕು ವರ್ಷ, ಒಟ್ಟು 120 ಬಾಲಕರು ಹೋಗಬೇಕು. ಹದಿನೈದು ವರ್ಷ ಅಲ್ಲಿದ್ದು ಶಾಲೆ, ಕಾಲೇಜು ಮುಗಿಸಿ ಬರಬೇಕು. ವೆಚ್ಚವೆಲ್ಲ ಸರ್ಕಾರದ್ದು ಎಂಬುದು ಏರ್ಪಾಡು.

ಆದರೆ ಬಾಲಕರು ಸಿಗುವುದೇ ಕಷ್ಟವಾಯಿತು. ಹದಿನೈದು ವರ್ಷ ಮಗನ ಮುಖ ಕಾಣದೆ ಇರಲು ಯಾವ ತಾಯಿ ಒಪ್ಪುವಳು? ಅಲ್ಲಿ ಮಗನಿಗೆ ರೋಗವೋ ಮರಣವೋ ಸಂಭವಿಸಿದರೆ ಸರ್ಕಾರ ಹೊಣೆಯಲ್ಲವೆಂದು ತಂದೆ ಬರೆದುಕೊಡಬೇಕಾಗಿತ್ತು. ಉಳ್ಳವರಾರೂ ಮುಂದೆ ಬರಲಿಲ್ಲ. ಅವರ ಮಕ್ಕಳಿಗೆ ಹಳೆಯ ಶಾಸ್ತ್ರಗ್ರಂಥಗಳ ಪರೀಕ್ಷೆ ಕಟ್ಟಿ ಅಧಿಕಾರಿಗಳಾಗುವ ದಾರಿ ಇದ್ದೇ ಇತ್ತು. ಕೊನೆಗೆ ದಕ್ಷಿಣದ ಕರಾವಳಿಯ ಸಾಮಾನ್ಯ ಮನೆತನಗಳ ಮಕ್ಕಳೇ ಬಹುಪಾಲು ಸೇರಿದರು. ಹೆಚ್ಚಿನವರ ವಯಸ್ಸು ಹನ್ನೆರಡರ ಆಸುಪಾಸು. ಶಾಂಘಾಯಿಯ ಸಿದ್ಧತಾ ಶಾಲೆಯಲ್ಲಿ ಕಲಿತ ಮೊದಲನೆಯ ತಂಡ 1872ರ ಆಗಸ್ಟ್‌ನಲ್ಲಿ ಹಡಗು ಹತ್ತಿತು.

ಅಮೆರಿಕದ ಈಶಾನ್ಯ ಭಾಗದ ಹಾರ್ಟ್‌ಫರ್ಡ್ ನಗರ ಈ ಯೋಜನೆಯ ಕೇಂದ್ರವಾಯಿತು. ಬಾಲಕರನ್ನು ಒಂದೆಡೆ ಗುಂಪಾಗಿ ಇರಿಸದೆ, ಇಬ್ಬರು ಮೂವರಂತೆ ಅಲ್ಲಿನ ಗೃಹಸ್ಥರ ಮನೆಗಳಲ್ಲಿ ಬಿಟ್ಟರು. ಭಾಷೆ ಬೇಗನೆ ಬರಲೆಂಬುದೇ ಇದರ ಉದ್ದೇಶ. ಅದು ಫಲಿಸಿತು ಸಹ. ಆ ಮನೆಗಳ ತಾಯಂದಿರು ಅವರನ್ನು ಸ್ವಂತ ಮಕ್ಕಳಂತೆ ನೋಡಿಕೊಂಡರು. ಬಾಲಕರು ದಶಕಗಳ ಮೇಲೂ ಅವರಿಗೆ ಪತ್ರ ಬರೆಯುತ್ತಿದ್ದರು. ಚೀನೀ ವಿದ್ಯೆ ಮರೆಯದಿರಲೆಂದು ಜೊತೆಯಲ್ಲಿ ಬಂದ ಪಂಡಿತರು ಆಗಾಗ ಅವರನ್ನು ಕೇಂದ್ರಕ್ಕೆ ಕರೆಸಿ ಗ್ರಂಥಪಾಠ ಹೇಳುತ್ತಿದ್ದರು. ದೂರದ ಅರಮನೆಯ ದಿಕ್ಕಿಗೆ ಸಾಷ್ಟಾಂಗ ನಮಸ್ಕಾರ ಮಾಡಿಸುತ್ತಿದ್ದರು. ಬಾಲಕರು ಅದನ್ನೂ ಮಾಡಿದರು, ಬೇಸ್‌ಬಾಲ್ ಆಟವನ್ನೂ ಆಡಿದರು. ಉದ್ದನೆಯ ಜಡೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಮೈದಾನಕ್ಕೆ ಇಳಿಯುತ್ತಿದ್ದರು. ವರ್ಷಗಳು ಕಳೆದಂತೆ ಹಲವರು ಯೇಲ್ ಮೊದಲಾದ ಕಾಲೇಜುಗಳನ್ನು ಸೇರಿದರು.

ಭಯ ಮತ್ತು ಹಿಂದೆಗೆತ

ಇಷ್ಟರಲ್ಲಿ ತಾಯ್ನಾಡಿಗೆ ದೂರುಗಳು ಹೋಗತೊಡಗಿದವು. ಹುಡುಗರು ಗುರುಹಿರಿಯರಿಗೆ ಮಣಿಯುತ್ತಿಲ್ಲ, ಚೀನೀ ಪಾಠಗಳನ್ನು ಅಲಕ್ಷಿಸುತ್ತಿದ್ದಾರೆ, ಇಗರ್ಜಿಗಳಿಗೆ ಹೋಗುತ್ತಿದ್ದಾರೆ, ಕೆಲವರು ಜಡೆಯನ್ನೇ ಕತ್ತರಿಸಿಕೊಂಡಿದ್ದಾರೆ ಎಂಬುದು ಆ ದೂರುಗಳ ಸಾರ. ಜಡೆಯೆಂದರೆ ಅಂದಿನ ಚೀನದಲ್ಲಿ ಬರಿಯ ಕೂದಲಲ್ಲ, ಅರಸನಿಗೆ ತೋರುವ ನಿಷ್ಠೆ. ಕೊನೆಯ ವರ್ಷಗಳಲ್ಲಿ ಮೇಲ್ವಿಚಾರಕನಾಗಿ ಬಂದ ವು ಜೆಡೆಂಗ್ ಎಂಬ ಪಂಡಿತನು ಈ ಮಕ್ಕಳು ಮರಳಿದರೂ ದೇಶಕ್ಕೆ ಉಪಯೋಗವಾಗರು, ಬದಲಾಗಿ ಕೇಡಾದಾರು ಎಂದು ಬರೆದನು.

ವಾಚಕರು ಈ ಪಂಡಿತನನ್ನು ಮೂರ್ಖನೆಂದು ಥಟ್ಟನೆ ತಳ್ಳಿಹಾಕಬಾರದು. ಆತನ ಆತಂಕಕ್ಕೆ ಆಧಾರವಿತ್ತು. ಹನ್ನೆರಡು ವರ್ಷದ ಬಾಲಕನ ಮನಸ್ಸು ಹಸಿಯ ಮಣ್ಣು. ಹದಿನೈದು ವರ್ಷ ಬೇರೆ ಮನೆಯಲ್ಲಿ ಬೆಳೆದರೆ ಬೇರೆಯವನೇ ಆಗುವುದು ಸಹಜ. ಇದೇ ಕಾಲದಲ್ಲಿ, 1871ರ ಡಿಸೆಂಬರ್‌ನಲ್ಲಿ, ಜಪಾನ್ ಸರ್ಕಾರವು ಐವರು ಬಾಲಿಕೆಯರನ್ನು ಅಮೆರಿಕೆಗೆ ಕಳುಹಿಸಿತು. ಅವರಲ್ಲಿ ಅತಿ ಚಿಕ್ಕವಳಾದ ತ್ಸುದಾ ಉಮೆಕೊ ಎಂಬಾಕೆಗೆ ಆಗ ಇನ್ನೂ ಏಳು ವರ್ಷ ತುಂಬಿರಲಿಲ್ಲ. ಆಕೆ 1882ರಲ್ಲಿ ಮರಳಿ ಬಂದಾಗ ತಾಯಿಯೊಡನೆ ಮಾತನಾಡಲು ಜಪಾನೀ ಭಾಷೆಯೇ ಬರುತ್ತಿರಲಿಲ್ಲ. ಆಕೆ ಅದನ್ನು ಮತ್ತೆ ಕಲಿತು, ಕಾಲೇಜು ವ್ಯಾಸಂಗಕ್ಕಾಗಿ ಇನ್ನೊಮ್ಮೆ ಅಮೆರಿಕೆಗೆ ಹೋಗಿ ಬಂದು, 1900ರಲ್ಲಿ ಟೋಕಿಯೊದಲ್ಲಿ ಸ್ತ್ರೀಯರಿಗಾಗಿ ವಿದ್ಯಾಸಂಸ್ಥೆಯೊಂದನ್ನು ಸ್ಥಾಪಿಸಿದ್ದು ಆಕೆಯ ಸತ್ವ. ಇಂದು ಅದು ಆಕೆಯ ಹೆಸರಿನ ವಿಶ್ವವಿದ್ಯಾಲಯವಾಗಿದೆ. ಆದರೆ ಎಲ್ಲ ಮಕ್ಕಳೂ ಉಮೆಕೊ ಆಗರು. ಬೇರು ಇಳಿಯುವ ಮೊದಲೇ ಸಸಿಯನ್ನು ಕಿತ್ತು ಬೇರೆಡೆ ನೆಡುವುದರಲ್ಲಿ ಅಪಾಯವುಂಟೆಂಬ ಮಾತನ್ನು ಅಲ್ಲಗಳೆಯಲಾಗದು.

ಪಂಡಿತನ ದೂರಿನ ಜೊತೆಗೆ ಆತಿಥೇಯ ದೇಶದ ತಪ್ಪೂ ಸೇರಿತು. ಚೀನೀ ವಿದ್ಯಾರ್ಥಿಗಳಿಗೆ ಅಮೆರಿಕದ ಸರ್ಕಾರಿ ವಿದ್ಯಾಸಂಸ್ಥೆಗಳಲ್ಲಿ ಪ್ರವೇಶವುಂಟೆಂದು 1868ರ ಒಪ್ಪಂದವೊಂದು ಭರವಸೆ ಕೊಟ್ಟಿತ್ತು. ಅದರಂತೆ ಕೆಲವು ವಿದ್ಯಾರ್ಥಿಗಳನ್ನು ಸೈನಿಕ ಮತ್ತು ನೌಕಾ ವಿದ್ಯಾಲಯಗಳಿಗೆ ಸೇರಿಸಿಕೊಳ್ಳಬೇಕೆಂದು ಕೇಳಿದಾಗ ಅಮೆರಿಕ ಸರ್ಕಾರ ನಿರಾಕರಿಸಿತು. ಪಶ್ಚಿಮ ಕರಾವಳಿಯಲ್ಲಿ ಚೀನೀ ಕೂಲಿಕಾರರ ಮೇಲೆ ಜನದ್ವೇಷ ಹೊತ್ತಿ ಉರಿಯುತ್ತಿತ್ತು. ಚೀನೀ ಕಾರ್ಮಿಕರು ದೇಶದೊಳಗೆ ಬಾರದಂತೆ 1882ರಲ್ಲಿ ಶಾಸನವೇ ಆಯಿತು. ಒಂದು ಕೈಯಿಂದ ಕರೆದು ಇನ್ನೊಂದು ಕೈಯಿಂದ ಕದವಿಕ್ಕುವ ಈ ನಡತೆಯಿಂದ ಲಿ ಹಾಂಗ್‌ಜಾಂಗನೂ ಉತ್ಸಾಹಗುಂದಿದನು. ಯೇಲ್‌ನ ಅಧ್ಯಕ್ಷರೇ ಮೊದಲಾಗಿ ಅಮೆರಿಕದ ವಿದ್ವಾಂಸರು ವ್ಯಾಸಂಗವನ್ನು ಮುಂದುವರಿಸಲು ಬಿಡಿರೆಂದು ಬರೆದ ಪತ್ರವೂ ಫಲಕಾರಿಯಾಗಲಿಲ್ಲ. 1881ರಲ್ಲಿ ಆಜ್ಞೆ ಹೊರಟಿತು. ಅಷ್ಟರಲ್ಲಿ ಕಾಲೇಜು ಪದವಿ ಪೂರೈಸಿದ್ದವರು ಇಬ್ಬರೇ ಇಬ್ಬರು. ಉಳಿದವರು ನಡುವಿನಲ್ಲಿ ಪುಸ್ತಕ ಮುಚ್ಚಿ ಹಡಗು ಹತ್ತಿದರು. ಬಿತ್ತಿ, ನೀರೆರೆದು, ತೆನೆ ಕಟ್ಟುವ ಹೊತ್ತಿಗೆ ಹೊಲಕ್ಕೆ ದನ ಬಿಟ್ಟಂತಾಯಿತು.

ಬರಮಾಡಿಕೊಂಡ ಬಗೆ

ಶಾಂಘಾಯಿಯಲ್ಲಿ ಇಳಿದವರಿಗೆ ಸ್ವಾಗತವಿರಲಿಲ್ಲ. ಕಾವಲಿನ ನಡುವೆ ಅವರನ್ನು ನಡೆಸಿಕೊಂಡು ಹೋಗಿ, ಪಾಳುಬಿದ್ದಿದ್ದ ಒಂದು ಹಳೆಯ ಶಾಲೆಯಲ್ಲಿ ಕೂಡಿಹಾಕಿದರು. ಬಳಿಕ ಯಾರು ಏನು ಓದಿದ್ದಾರೆಂಬುದನ್ನು ವಿಚಾರಿಸದೆ, ತಂತಿ ಇಲಾಖೆಗೆ ಇಷ್ಟು ಜನ, ನೌಕಾದಳಕ್ಕೆ ಇಷ್ಟು ಜನ ಎಂದು ಹಂಚಿಬಿಟ್ಟರು. ಅವರಲ್ಲಿ ಜಾನ್ ತಿಯೆನ್‌ಯೂ ಎಂಬ ತರುಣನಿದ್ದನು. ಪದವಿ ಪೂರೈಸಿದ ಇಬ್ಬರಲ್ಲಿ ಆತ ಒಬ್ಬ. ಹನ್ನೊಂದನೆಯ ವಯಸ್ಸಿನಲ್ಲಿ ಹೋಗಿ, ಯೇಲ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ರೈಲುಮಾರ್ಗ ನಿರ್ಮಾಣದಲ್ಲಿ ವಿಶೇಷ ಪರಿಶ್ರಮ ಪಡೆದು ಬಂದಿದ್ದನು. ಆತನನ್ನು ಹಡಗು ನಡೆಸಲು ಕಲಿಯಬೇಕೆಂದು ಫೂಜೊ ಬಂದರಿಗೆ ಕಳುಹಿಸಿದರು! ಮುಂದೆ ಇಂಗ್ಲಿಷ್ ಪಾಠ ಹೇಳಲು ಹಚ್ಚಿದರು. ರೈಲಿನ ಕೆಲಸ ಆತನಿಗೆ ದೊರೆತದ್ದು 1888ರಲ್ಲಿ, ಅಂದರೆ ಏಳು ವರ್ಷಗಳು ವ್ಯರ್ಥವಾದ ಮೇಲೆ.

ಇದಕ್ಕೆದುರಾಗಿ ಜಪಾನಿನ ಒಂದು ನಿದರ್ಶನವನ್ನು ನೋಡೋಣ. 1863ರಲ್ಲಿ, ಪರದೇಶಕ್ಕೆ ಹೋಗುವುದು ಮರಣದಂಡನೆಗೆ ಅರ್ಹವಾದ ಅಪರಾಧವಾಗಿದ್ದ ಕಾಲದಲ್ಲಿ, ಚೋಷು ಪ್ರಾಂತದ ಐವರು ತರುಣರು ಗುಟ್ಟಾಗಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಭ್ಯಾಸ ಮಾಡಿದರು. ಅವರಲ್ಲಿ ಇನೌಯೆ ಮಸಾರು ಎಂಬುವನು ಗಣಿ ಮತ್ತು ರೈಲ್ವೆ ವಿದ್ಯೆಗಳನ್ನು ಕಲಿತು 1868ರಲ್ಲಿ ಮರಳಿದನು. ಆ ವೇಳೆಗೆ ಸ್ಥಾಪನೆಯಾಗಿದ್ದ ಹೊಸ ಸರ್ಕಾರವು ಆತನಿಗೆ ರೈಲ್ವೆಯ ಹೊಣೆಯನ್ನೇ ಒಪ್ಪಿಸಿತು. 1872ರಲ್ಲಿ ಟೋಕಿಯೊ ಮತ್ತು ಯೋಕೊಹಾಮಾ ನಡುವೆ ಜಪಾನಿನ ಪ್ರಥಮ ರೈಲುಮಾರ್ಗ ತೆರೆಯಿತು. ಪರದೇಶದ ತಜ್ಞರಿಗೆ ಭಾರಿ ಸಂಬಳ ಕೊಟ್ಟು ಕರೆಸಿಕೊಂಡಿದ್ದ ಆ ಸರ್ಕಾರ, ತನ್ನ ವಿದ್ಯಾರ್ಥಿಗಳು ಮರಳಿದಂತೆಲ್ಲ ಆ ಸ್ಥಾನಗಳಲ್ಲಿ ಇವರನ್ನು ಕೂರಿಸುತ್ತ ಹೋಯಿತು. ಇಬ್ಬರೂ ರೈಲ್ವೆ ವಿದ್ಯೆ ಕಲಿತವರು. ಇಬ್ಬರೂ ಸ್ವದೇಶಕ್ಕೆ ಮರಳಿದವರು. ಒಬ್ಬನ ನಾಡು ಅವನಿಗೆ ರೈಲನ್ನು ಕೊಟ್ಟಿತು. ಇನ್ನೊಬ್ಬನ ನಾಡು ಹಡಗನ್ನು ಕೊಟ್ಟಿತು. ವ್ಯತ್ಯಾಸವಿದ್ದದ್ದು ಯೇಲ್‌ನಲ್ಲಿಯೂ ಅಲ್ಲ, ಲಂಡನ್ನಿನಲ್ಲಿಯೂ ಅಲ್ಲ, ಬರಮಾಡಿಕೊಂಡವರಲ್ಲಿ.

ಇದರ ಪರಿಣಾಮವನ್ನು ಇತಿಹಾಸ ಬಹುಬೇಗ ತೋರಿಸಿತು. 1894ರಲ್ಲಿ ಚೀನಕ್ಕೂ ಜಪಾನಿಗೂ ಯುದ್ಧವಾಗಿ ಚೀನ ಸೋತಿತು. 1895ರಲ್ಲಿ ಶಿಮೊನೊಸೆಕಿ ಎಂಬಲ್ಲಿ ಸಂಧಾನಕ್ಕೆ ಕುಳಿತಾಗ ಮೇಜಿನ ಒಂದು ಬದಿಗೆ ಇದ್ದವನು ಲಿ ಹಾಂಗ್‌ಜಾಂಗ್. ಬಾಲಕರನ್ನು ಕಳುಹಿಸಿದವರಲ್ಲಿಯೂ ಒಬ್ಬ, ಹಿಂದಕ್ಕೆ ಕರೆಸಲು ಒಪ್ಪಿದವರಲ್ಲಿಯೂ ಒಬ್ಬ. ಎದುರಿಗೆ ಇದ್ದವನು ಜಪಾನಿನ ಪ್ರಧಾನಿ ಇಟೊ ಹಿರೊಬುಮಿ. 1863ರಲ್ಲಿ ಪ್ರಾಣದ ಹಂಗು ತೊರೆದು ಲಂಡನ್ನಿಗೆ ಓದಲು ಹೋದ ಆ ಐವರಲ್ಲಿ ಒಬ್ಬ. ಒಂದು ಯುದ್ಧದ ಸೋಲುಗೆಲುವಿಗೆ ಕಾರಣಗಳು ಹಲವು. ಎಲ್ಲವನ್ನೂ ವ್ಯಾಸಂಗದ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಆ ಮೇಜಿನ ಎರಡು ಬದಿಗಳನ್ನು ನೋಡಿದವರಿಗೆ ವಿದ್ಯಾರ್ಥಿಯನ್ನು ನಂಬಿದ ನಾಡು ಯಾವುದು, ಶಂಕಿಸಿದ ನಾಡು ಯಾವುದು ಎಂಬುದು ಹೊಳೆಯದೆ ಇರದು.

ಚೀನಕ್ಕೆ ಬರಮಾಡಿಕೊಳ್ಳುವ ಸಂಪ್ರದಾಯವೇ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕುರಿತು ಬರೆದಿಟ್ಟ ಹ್ಯೂಯೆನ್ ತ್ಸಾಂಗ್ ಸಹ ಪರದೇಶಕ್ಕೆ ಓದಲು ಬಂದ ವಿದ್ಯಾರ್ಥಿಯೇ ಅಲ್ಲವೇ? ಅರಸನ ಅಪ್ಪಣೆಯಿಲ್ಲದೆ ದೇಶ ಬಿಟ್ಟು, ನಾಲಂದದಲ್ಲಿ ಅಭ್ಯಾಸ ಮಾಡಿ, ಸುಮಾರು ಹದಿನಾರು ವರ್ಷಗಳ ಬಳಿಕ 657 ಗ್ರಂಥಗಳೊಡನೆ 645ರಲ್ಲಿ ಆತ ಮರಳಿದನು. ಅಪ್ಪಣೆ ಮೀರಿದವನೆಂದು ಚಕ್ರವರ್ತಿ ದಂಡಿಸಲಿಲ್ಲ; ಸನ್ಮಾನಿಸಿ, ಗ್ರಂಥಗಳನ್ನು ಭಾಷಾಂತರಿಸಲು ಸ್ಥಳವನ್ನೂ ಸಹಾಯಕರನ್ನೂ ಒದಗಿಸಿದನು. ಏಳನೆಯ ಶತಮಾನದ ಚೀನ ಬಲ್ಲ ಈ ವಿವೇಕವನ್ನು ಹತ್ತೊಂಬತ್ತನೆಯ ಶತಮಾನದ ಚೀನ ಮರೆತಿತ್ತು. ಆತ್ಮವಿಶ್ವಾಸವುಳ್ಳ ಸಮಾಜ ಹೊರಗಿನ ವಿದ್ಯೆಗೆ ಹೆದರುವುದಿಲ್ಲ. ಕುಸಿಯುತ್ತಿರುವ ಸಮಾಜ ತನ್ನ ಮಕ್ಕಳಿಗೇ ಹೆದರುತ್ತದೆ.

ಭಯ ಸುಳ್ಳಾಯಿತು

ಇನ್ನು ಆ ಬಾಲಕರು ಏನಾದರು? ಅವರಿಂದ ದೇಶಕ್ಕೆ ಕೇಡಾದೀತೆಂದು ಪಂಡಿತನು ನುಡಿದಿದ್ದನಷ್ಟೆ. 1884ರಲ್ಲಿ ಫ್ರೆಂಚರ ನೌಕಾದಳ ಫೂಜೊ ಬಂದರಿನ ಮೇಲೆ ಎರಗಿದಾಗ, ಒಲ್ಲದ ನೌಕಾದಳಕ್ಕೆ ತಳ್ಳಲ್ಪಟ್ಟಿದ್ದ ಅವರಲ್ಲಿ ಕೆಲವರು ಹೋರಾಡಿ ಮಡಿದರು. ಜಪಾನಿನೊಡನೆ ನಡೆದ ಯುದ್ಧದಲ್ಲಿ ಇನ್ನೂ ಕೆಲವರು ಪ್ರಾಣ ಕೊಟ್ಟರು. ಬೇಸ್‌ಬಾಲ್ ಆಡಿದ ಹುಡುಗರ ದೇಶನಿಷ್ಠೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಜಾನ್ ತಿಯೆನ್‌ಯೂ ಕಡೆಗೂ ತನ್ನ ವಿದ್ಯೆಯನ್ನು ಸಾರ್ಥಕಗೊಳಿಸಿದನು. ಬೀಜಿಂಗ್‌ನಿಂದ ಜಾಂಗ್‌ಜಿಯಾಕೊವಿನವರೆಗೆ ಕಡಿದಾದ ಬೆಟ್ಟಗಳನ್ನು ಹಾಯ್ದು ರೈಲುಮಾರ್ಗ ಹಾಕುವ ಕೆಲಸ 1905ರಲ್ಲಿ ಆತನಿಗೆ ಬಂತು. ಪರದೇಶದ ಎಂಜಿನಿಯರರಿಲ್ಲದೆ ಚೀನೀಯರು ಇದನ್ನು ಮಾಡಲಾರರೆಂದು ಹಲವರು ನಕ್ಕರು. ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದದ ಸುರಂಗವನ್ನು ಕೊರೆಯಿಸಿ, ಏರು ಕಡಿದಾದ ಕಡೆ ಹಳಿಗಳನ್ನು ಅಂಕುಡೊಂಕಾಗಿ ತಿರುಗಿಸಿ, ಸುಮಾರು 200 ಕಿಲೋಮೀಟರ್ ದಾರಿಯನ್ನು 1909ರಲ್ಲಿ, ಗೊತ್ತುಪಡಿಸಿದ್ದ ಅವಧಿಗೆ ಮುಂಚೆಯೇ, ಗೊತ್ತುಪಡಿಸಿದ್ದ ಹಣಕ್ಕಿಂತ ಕಡಿಮೆ ವೆಚ್ಚದಲ್ಲಿ ಆತ ಮುಗಿಸಿದನು. ಟಾಂಗ್ ಶಾವೊಯಿ ಎಂಬ ಇನ್ನೊಬ್ಬ ಬಾಲಕ 1912ರಲ್ಲಿ ಚೀನೀ ಗಣರಾಜ್ಯದ ಮೊದಲನೆಯ ಪ್ರಧಾನಿಯಾದನು.

ಲಿಯಾಂಗ್ ಚೆಂಗ್ ಎಂಬವನ ಸೇವೆಯಂತೂ ಇಲ್ಲಿ ವಿಶೇಷವಾಗಿ ಸ್ಮರಣೀಯ. ಆತ 1903ರಲ್ಲಿ ಅಮೆರಿಕೆಗೆ ಚೀನದ ರಾಯಭಾರಿಯಾಗಿ ಹೋದನು. ಬಾಕ್ಸರ್ ದಂಗೆಯ ಬಳಿಕ 1901ರಲ್ಲಿ ಪರರಾಷ್ಟ್ರಗಳು ಚೀನದ ಮೇಲೆ 45 ಕೋಟಿ ಟೇಲ್ ಬೆಳ್ಳಿಯ ದಂಡವನ್ನು ಹೇರಿದ್ದವು. ಅಮೆರಿಕೆಗೆ ಸಲ್ಲುವ ಪಾಲು ಅದರ ನಿಜವಾದ ನಷ್ಟಕ್ಕಿಂತ ಬಹಳ ಹೆಚ್ಚಾಗಿದೆಯೆಂಬುದನ್ನು ಲಿಯಾಂಗ್ ಚೆಂಗ್ ಅರಿತು, ಆ ಹೆಚ್ಚುವರಿಯನ್ನು ಬಿಟ್ಟುಕೊಡಬೇಕೆಂದು ಪಟ್ಟುಹಿಡಿದು ವಾದಿಸಿದನು. 1908ರಲ್ಲಿ ಅಮೆರಿಕ ಒಪ್ಪಿತು. ಒಂದು ಕೋಟಿ ಡಾಲರಿಗೂ ಮಿಕ್ಕ ಆ ಹಣ ಹೊಸ ವಿದ್ಯಾರ್ಥಿಗಳನ್ನು ಅಮೆರಿಕೆಗೆ ಕಳುಹಿಸಲು ಮೀಸಲಾಯಿತು. ಅವರನ್ನು ಸಿದ್ಧಗೊಳಿಸಲು 1911ರಲ್ಲಿ ಬೀಜಿಂಗ್‌ನಲ್ಲಿ ಸ್ಥಾಪಿತವಾದ ಶಾಲೆಯೇ ಇಂದಿನ ಜಗತ್ಪ್ರಸಿದ್ಧ ತ್ಸಿಂಗ್‌ಹುವಾ ವಿಶ್ವವಿದ್ಯಾಲಯ. ವ್ಯಾಸಂಗ ನಡುವೆಯೇ ನಿಂತುಹೋದ ಬಾಲಕನೊಬ್ಬನು ಮುಂದಿನವರ ವ್ಯಾಸಂಗ ನಿಲ್ಲದಂತೆ ಮಾಡಿದನು.

ಈ ಎರಡನೆಯ ಯೋಜನೆಯಲ್ಲಿ ಮೊದಲನೆಯದರ ತಪ್ಪನ್ನು ತಿದ್ದಿಕೊಂಡಿದ್ದರು. ಹನ್ನೆರಡು ವರ್ಷದ ಬಾಲಕರ ಬದಲು, ಸ್ವದೇಶದಲ್ಲಿ ಸ್ವಭಾಷೆಯನ್ನು ಚೆನ್ನಾಗಿ ಕಲಿತು, ಸ್ಪರ್ಧಾಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣರು ಕಾಲೇಜು ಮಟ್ಟದ ವ್ಯಾಸಂಗಕ್ಕೆ ಹೋದರು. 1910ರಲ್ಲಿ ಹೀಗೆ ಹೋದ 70 ಜನರಲ್ಲಿ ಹೂ ಷಿ ಎಂಬುವನು ಒಬ್ಬ. ಕಾರ್ನೆಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಓದಿ 1917ರಲ್ಲಿ ಮರಳಿದ ಆತನು, ಪಂಡಿತರಿಗಷ್ಟೇ ತಿಳಿಯುವ ಹಳೆಯ ಬರವಣಿಗೆಯನ್ನು ಬಿಟ್ಟು ಜನರಾಡುವ ನುಡಿಯಲ್ಲಿಯೇ ಸಾಹಿತ್ಯ ರಚನೆಯಾಗಬೇಕೆಂಬ ಆಂದೋಲನದ ಮುಂದಾಳಾದನು. ಬೇರು ಬಿಟ್ಟ ಮೇಲೆ ಹೋದವನು ಪರದೇಶದಲ್ಲಿ ಓದಿ ತಾಯ್ನುಡಿಯನ್ನು ಮರೆಯಲಿಲ್ಲ. ಅದಕ್ಕೆ ಹೊಸ ಬಲವನ್ನೇ ತಂದನು.

ನಮ್ಮ ನಾಡಿನ ಮಾತು

ವಾಚಕರೇ, ಇದು ಚೀನ-ಜಪಾನುಗಳ ಕಥೆ ಮಾತ್ರವಲ್ಲ. ಬಡೋದೆಯ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಡಾ. ಅಂಬೇಡ್ಕರರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. 1917ರಲ್ಲಿ ಅವರು ಆ ಕರಾರಿನಂತೆ ಬಡೋದೆಗೆ ಬಂದರು. ಉನ್ನತ ವಿದ್ಯೆ ಪಡೆದು ಬಂದ ಆ ಮಹನೀಯರಿಗೆ ಇಡೀ ನಗರದಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಜಾತಿಯ ಕಾರಣದಿಂದ ತಂಗಿದ್ದ ವಸತಿಯಿಂದಲೂ ಹೊರದೂಡಲಾಯಿತು. ಕೆಲವೇ ದಿನಗಳಲ್ಲಿ ಅವರು ಊರು ಬಿಟ್ಟರು. ಕಳುಹಿಸಿದ ಅರಸನ ಔದಾರ್ಯ ದೊಡ್ಡದೇ. ಬರಮಾಡಿಕೊಳ್ಳಬೇಕಾದ ಸಮಾಜದ ಮನಸ್ಸು ಸಣ್ಣದಾಗಿತ್ತು. ನಷ್ಟವಾದದ್ದು ಬಡೋದೆಗೆ.

ನಮ್ಮ ಕನ್ನಡ ನಾಡಿನಲ್ಲಿ ಒಳ್ಳೆಯ ನಿದರ್ಶನಗಳೂ ಇವೆ. ಡಾ. ಶಿ. ಚೆ. ನಂದೀಮಠರು ಲಂಡನ್ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟ್ ಪಡೆದದ್ದು ವೀರಶೈವವನ್ನೇ ಕುರಿತ ಪ್ರಬಂಧಕ್ಕೆ. 1942ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥದಿಂದ ಹೊರನಾಡಿನ ವಿದ್ವಾಂಸರಿಗೂ ಈ ಧರ್ಮದ ಪರಿಚಯವಾಯಿತು. ಗೋಕಾಕ ಸೀಮೆಯ ಡಿ. ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಎನಿಸಿ ಬಂದು, 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ಆಕ್ಸ್‌ಫರ್ಡ್‌ನಲ್ಲಿ ಓದಿದ ವಿ. ಕೃ. ಗೋಕಾಕರು ಕಡಲಯಾನದಿಂದಲೇ ಕನ್ನಡಕ್ಕೆ ‘ಸಮುದ್ರಗೀತೆಗಳು’ ಎಂಬ ಸಂಕಲನವನ್ನು ತಂದರು. ಈ ಮೂವರೂ ತಮ್ಮ ನಾಡಿನ ನೆಲದಲ್ಲಿ ಬೇರು ಬಿಟ್ಟ ಬಳಿಕ ಹೋದವರು. ಮರಳಿದಾಗ ಅವರ ವಿದ್ಯೆಗೆ ತಕ್ಕ ಕೆಲಸವನ್ನು ನಾಡು ಅವರಿಗೆ ಕೊಟ್ಟಿತು.

ಹೋದವರು ಅಲ್ಲಿ ಪಡುವ ಕಷ್ಟವನ್ನೂ ನಾವು ಅರಿತಿರಬೇಕು. ಗಣಿತಜ್ಞ ರಾಮಾನುಜನ್ನರು 1914ರಲ್ಲಿ ಕೇಂಬ್ರಿಜ್ ಸೇರಿದ ಬಳಿಕ ಚಳಿ, ಒಗ್ಗದ ಆಹಾರ, ಯುದ್ಧಕಾಲದ ಅಭಾವ, ಒಂಟಿತನಗಳಿಂದ ಬಳಲಿ ಕಾಯಿಲೆ ಬಿದ್ದರು. 1919ರಲ್ಲಿ ಮರಳಿ, ಮರುವರ್ಷವೇ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜಪಾನಿನ ಮಹಾ ಕಾದಂಬರಿಕಾರ ನತ್ಸುಮೆ ಸೊಸೆಕಿ 1900ರಿಂದ 1902ರವರೆಗೆ ಸರ್ಕಾರದ ವೇತನದ ಮೇಲೆ ಲಂಡನ್ನಿನಲ್ಲಿದ್ದಾಗ, ಹಣ ಸಾಲದೆ, ಮಾತನಾಡುವವರಿಲ್ಲದೆ ಕೋಣೆಯಲ್ಲಿ ಕುಳಿತು, ಆತನಿಗೆ ಬುದ್ಧಿಭ್ರಮೆಯಾಗಿದೆಯೆಂಬ ವದಂತಿ ಜಪಾನಿನವರೆಗೆ ಹಬ್ಬಿತ್ತು. ಇಬ್ಬರ ಸಾಧನೆಯೂ ಅಮರ. ಆದರೆ ಇಬ್ಬರೂ ತೆತ್ತ ಬೆಲೆ ಸಣ್ಣದಲ್ಲ. ಫೋನಿನಲ್ಲಿ ದಿನವೂ ಮುಖ ಕಾಣುವ ಈ ಕಾಲದಲ್ಲಿಯೂ ‘ಊಟವಾಯಿತೇ, ಪರೀಕ್ಷೆ ಹೇಗಾಯಿತು?’ ಎಂದು ಕೇಳುವುದಷ್ಟೇ ಸಾಲದು. ‘ಮನಸ್ಸು ಹೇಗಿದೆ?’ ಎಂದೂ ಕೇಳಬೇಕು.

ಇಷ್ಟನ್ನು ಅವಲೋಕಿಸಿದ ಮೇಲೆ ನಮಗೆ ಹೊಳೆಯುವುದೇನು? ಪರದೇಶ ವ್ಯಾಸಂಗದಿಂದ ಲಾಭವುಂಟೇ ಎಂಬ ಪ್ರಶ್ನೆಗೆ ಇತಿಹಾಸ ಉಂಟೆಂದೇ ಉತ್ತರ ಕೊಡುತ್ತದೆ. ಅರ್ಧದಲ್ಲಿ ನಿಂತ ವ್ಯಾಸಂಗವೂ ಒಂದು ದೇಶಕ್ಕೆ ರೈಲನ್ನು, ವಿಶ್ವವಿದ್ಯಾಲಯವನ್ನು ಕೊಟ್ಟಿತಲ್ಲ! ಆದರೆ ಆ ಲಾಭ ಹೋಗುವವನ ಬುದ್ಧಿಯೊಂದರಿಂದಲೇ ದೊರೆಯುವುದಿಲ್ಲ. ಕಳುಹಿಸುವ ಮೊದಲು ಮಗುವಿಗೆ ತನ್ನ ನುಡಿ, ತನ್ನ ನಡೆ, ತನ್ನ ಜನದ ಪರಿಚಯ ಗಟ್ಟಿಯಾಗಿ ಆಗಿರಬೇಕು. ಅದಕ್ಕೆ ಎಳೆಯ ವಯಸ್ಸಿಗಿಂತ ಕಾಲೇಜಿನ ವಯಸ್ಸೇ ಯೋಗ್ಯ. ಯಾವ ವಿದ್ಯೆಗಾಗಿ ಹೋಗುತ್ತಿದ್ದೇವೆಂಬುದು ಸ್ಪಷ್ಟವಿರಬೇಕು. ಯುಂಗ್ ವಿಂಗನಂತೆ, ಹಣ ಕೊಡುವವರಿಗೂ ಆತ್ಮವನ್ನು ಮಾರದಷ್ಟು ಸ್ಪಷ್ಟ. ಆತಿಥೇಯ ದೇಶದ ಕಾನೂನೂ ಜನಮನವೂ ನಡುವಿನಲ್ಲಿ ಬದಲಾದಾವೆಂಬ ಎಚ್ಚರವಿರಬೇಕು. 1881ರಲ್ಲಿ ಆದದ್ದು ಇನ್ನೊಮ್ಮೆ ಆಗದೆಂದು ಯಾರು ಹೇಳಬಲ್ಲರು? ಸಾಲ ಮಾಡುವುದಾದರೆ, ಒಂದು ವರ್ಷ ಕೆಲಸ ಸಿಗದಿದ್ದರೂ ಮನೆ ಮುಳುಗದಷ್ಟೇ ಸಾಲ ಮಾಡಬೇಕು. ಹೋದ ಮೇಲೆ, ಕೇಳಿದ ದೂರಿಗೆಲ್ಲ ಬೆದರಿ ನಡುವೆ ಹಗ್ಗ ಜಗ್ಗಬಾರದು. ಉಡುಪು ಬದಲಾದ ಮಾತ್ರಕ್ಕೆ ಮಗ ಪರಕೀಯನಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹೊಣೆ ಮರಳಿದ ದಿನದ್ದು. ‘ಹೋದ ಮಕ್ಕಳು ಹಿಂದಿರುಗುವುದಿಲ್ಲ’ ಎಂದು ನಾವು ದೂರುತ್ತೇವೆ. ಹಿಂದಿರುಗಿದವರಿಗೆ ನಾವು ಏನನ್ನು ಇಟ್ಟಿದ್ದೇವೆ ಎಂದು ಕೇಳಿಕೊಳ್ಳುವುದು ಅಪರೂಪ. ಮಠದ ನೆರಳಿನಲ್ಲಿ ಓದಿ ಇಂದು ಶಾಲೆ, ಆಸ್ಪತ್ರೆ, ಕಾರ್ಖಾನೆ, ಕಚೇರಿಗಳಲ್ಲಿ ಅಧಿಕಾರದ ಸ್ಥಾನದಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಹೊರನಾಡಿನಿಂದ ಕಲಿತು ಬಂದ ತರುಣ ತರುಣಿಯರು ನಿಮ್ಮ ಬಾಗಿಲಿಗೆ ಬಂದಾಗ, ‘ಅಲ್ಲಿ ನೆಲೆಯಾಗದೆ ಇಲ್ಲಿಗೆ ಬಂದಿರಾ?’ ಎಂದು ಕೇಳಬೇಡಿರಿ. ‘ಏನು ಕಲಿತು ಬಂದಿರಿ?’ ಎಂದು ಕೇಳಿರಿ, ಆ ಕಲಿಕೆಗೆ ತಕ್ಕ ಕೆಲಸವನ್ನು ಕೊಡಿರಿ. ಜಾನ್ ತಿಯೆನ್‌ಯೂ ಕಳೆದುಕೊಂಡ ಏಳು ವರ್ಷಗಳು ನಮ್ಮ ಮಕ್ಕಳ ಬಾಳಿನಲ್ಲಿ ಬಾರದಿರಲಿ.